ಕಾರು ತಯಾರಕರ ಪ್ರಚಾರವೂ ಪಿತೂರಿಯ ಕಥೆಗಳೂ

ವ್ಯಾಪಾರಕ್ಕೆ ಪ್ರಚಾರ ಅಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಹೆಸರಾಗಲಿ ಕೆಟ್ಟ ಹೆಸರಾಗಲಿ, ಜನರ ಬಾಯಿಯಲ್ಲಿ ಇದ್ದರೆ ಸಾಕು, ಮಾಲು ತಾನಾಗಿಯೇ ಮಾರಾಟವಾಗುತ್ತದೆ ಎಂಬ ಅಭಿಪ್ರಾಯ ಉದ್ಯಮ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಸಾಕ್ಷಿಯಾಗಿ ಮುಂದಿಡುವುದು ಸಾಮಾನ್ಯವಾಗಿ ಮೋಟಾರು ಕಾರು ಕಂಪನಿಗಳ ಕಥೆಗಳನ್ನು. ಪ್ರದರ್ಶನದ ದಿನವೇ ಹೊಸ ವಾಹನದ ಗಾಜು ಒಡೆದರೆ, ಅದನ್ನು ಕಂಪನಿಯೇ ಬೇಕೆಂದು ಒಡೆಸಿತು ಎನ್ನುತ್ತಾರೆ. ಜಾಹೀರಾತಿಗೆ ಛೀಮಾರಿ ಬಿದ್ದರೆ, ಬೀಳಲೆಂದೇ ಹಾಗೆ ಮಾಡಿದರು ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಆಕಸ್ಮಿಕ ಎಂಬುದೇ ಇಲ್ಲ, ನಡೆಯುವುದೆಲ್ಲವೂ ಮೊದಲೇ ಹೂಡಿದ ಸಂಚು ಎಂಬುದು ಈ ಕಥೆಗಳ ತಿರುಳು.

ಇಂತಹ ಕಥೆಗಳು ಕೇಳಲು ರಂಜನೀಯವಾಗಿರುತ್ತವೆ. ಆದರೆ ಅವುಗಳನ್ನು ನಂಬಿ ತನ್ನ ಅಂಗಡಿಗೆ ಅಥವಾ ಕಾರ್ಖಾನೆಗೆ ಅನ್ವಯಿಸಿಕೊಳ್ಳುವ ಸಣ್ಣ ಉದ್ಯಮಿಗೆ ಅವು ದುಬಾರಿಯಾಗಬಲ್ಲವು. ಆದ್ದರಿಂದ ದಾಖಲೆಯಲ್ಲಿರುವ ಕೆಲವು ಪ್ರಕರಣಗಳನ್ನು ಲಾಭ ನಷ್ಟದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಒಡೆದ ಗಾಜಿನ ಪ್ರಕರಣ

2019ರ ನವೆಂಬರ್ 21ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಹಾಥಾರ್ನ್‌ನಲ್ಲಿ ಟೆಸ್ಲಾ ಕಂಪನಿ ತನ್ನ ‘ಸೈಬರ್‌ಟ್ರಕ್’ ವಾಹನವನ್ನು ಅನಾವರಣಗೊಳಿಸಿತು. ತುಕ್ಕು ಹಿಡಿಯದ ಉಕ್ಕಿನ ಹೊರಮೈ, ಒಡೆಯಲಾರದಷ್ಟು ಗಟ್ಟಿ ಎನ್ನಲಾದ ಗಾಜು ಅದರ ವಿಶೇಷಗಳಾಗಿದ್ದವು. ಕಂಪನಿಯ ಮುಖ್ಯ ವಿನ್ಯಾಸಕಾರ ಫ್ರಾಂಜ್ ಫಾನ್ ಹೋಲ್ಜ್‌ಹೌಸನ್ ಅವರು ಮೊದಲು ಬಾಗಿಲಿಗೆ ದೊಡ್ಡ ಸುತ್ತಿಗೆಯಿಂದ ಹೊಡೆದರು. ಬಾಗಿಲು ತಗ್ಗಲಿಲ್ಲ. ಬಳಿಕ ಲೋಹದ ಗುಂಡೊಂದನ್ನು ಮುಂದಿನ ಕಿಟಕಿಯತ್ತ ಎಸೆದಾಗ ಗಾಜು ಬಿರಿಯಿತು. ಹಿಂದಿನ ಕಿಟಕಿಗೆ ಎಸೆದಾಗ ಅದೂ ಬಿರಿಯಿತು. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಉಳಿದ ಕಾರ್ಯಕ್ರಮವನ್ನೆಲ್ಲ ಆ ಒಡೆದ ಗಾಜುಗಳ ಮುಂದೆಯೇ ನಿಂತು ನಡೆಸಬೇಕಾಯಿತು.

ಮರುದಿನದಿಂದಲೇ ಸಂಚಿನ ಕಥೆ ಹುಟ್ಟಿಕೊಂಡಿತು. ಗಾಜು ಒಡೆಯದಿದ್ದರೆ ಈ ವಾಹನದ ಬಗ್ಗೆ ಇಷ್ಟು ಜನ ಮಾತನಾಡುತ್ತಿದ್ದರೇ, ಆದ್ದರಿಂದ ಒಡೆದದ್ದು ಯೋಜನೆಯ ಭಾಗವೇ ಎಂಬುದು ಆ ವಾದ. ಎರಡು ಮೂರು ದಿನಗಳಲ್ಲಿ 2 ಲಕ್ಷದಷ್ಟು ಬುಕಿಂಗ್ ಬಂದಿದೆಯೆಂದು ಮಸ್ಕ್ ಪ್ರಕಟಿಸಿದ್ದು ಈ ವಾದಕ್ಕೆ ಬಲ ನೀಡಿತು. ಬಿರುಕು ಬಿಟ್ಟ ಗಾಜಿನ ಚಿತ್ರವಿರುವ ಟಿ-ಶರ್ಟ್‌ಗಳನ್ನು ಕಂಪನಿಯೇ ಮುಂದೆ ಮಾರಾಟಕ್ಕೆ ಇಟ್ಟಾಗ ಸಂಶಯಪಡುವವರಿಗೆ ಬೇರೆ ಸಾಕ್ಷ್ಯವೇ ಬೇಡವಾಯಿತು.

ಈಗ ಲೆಕ್ಕವನ್ನು ನೋಡಬೇಕು. ಪ್ರದರ್ಶನದ ಮರುದಿನ ಟೆಸ್ಲಾ ಷೇರಿನ ಬೆಲೆ ಸುಮಾರು ಶೇ. 6ರಷ್ಟು ಕುಸಿಯಿತು. ಬುಕಿಂಗ್‌ಗೆ ಕೊಡಬೇಕಾಗಿದ್ದ ಮುಂಗಡ ಕೇವಲ 100 ಡಾಲರ್. ಅದನ್ನೂ ಹಿಂದಕ್ಕೆ ಪಡೆಯಬಹುದಾಗಿತ್ತು. ಬಾಗಿಲಿಗೆ ಬಿದ್ದ ಸುತ್ತಿಗೆಯ ಪೆಟ್ಟಿನಿಂದ ಗಾಜಿನ ಬುಡ ಮೊದಲೇ ಸೀಳಿತ್ತು, ಗುಂಡನ್ನು ಮೊದಲು ಎಸೆದು ಆಮೇಲೆ ಬಾಗಿಲಿಗೆ ಹೊಡೆಯಬೇಕಿತ್ತು ಎಂದು ಮಸ್ಕ್ ವಿವರಿಸಿದರು. ಕಾರ್ಯಕ್ರಮಕ್ಕೆ ಮುಂಚೆ ನಡೆದ ತಾಲೀಮಿನಲ್ಲಿ ಅದೇ ಗುಂಡು ಗಾಜಿಗೆ ತಾಗಿ ಹಿಂದಕ್ಕೆ ಪುಟಿಯುವ ಚಿತ್ರೀಕರಣವನ್ನೂ ಪ್ರಕಟಿಸಿದರು. ಪರೀಕ್ಷೆಗಳ ಅನುಕ್ರಮ ತಪ್ಪಿದರೆ ಫಲಿತಾಂಶ ಕೆಡುತ್ತದೆ ಎಂಬುದನ್ನು ಕಾರ್ಖಾನೆ ನಡೆಸುವ ಯಾರೂ ಬಲ್ಲರು. ಇದನ್ನು ಅರ್ಥ ಮಾಡಿಕೊಳ್ಳಲು ಸಂಚಿನ ಕಲ್ಪನೆಯ ಅಗತ್ಯವಿಲ್ಲ.

ಪ್ರಚಾರದ ಫಲವಾದರೂ ಏನಾಯಿತು? 2019ರಲ್ಲಿ 39,900 ಡಾಲರ್‌ನಿಂದ ಆರಂಭವಾಗುವುದೆಂದು ಹೇಳಿದ್ದ ಬೆಲೆ, 2023ರ ನವೆಂಬರ್ 30ರಂದು ವಿತರಣೆ ಆರಂಭವಾದಾಗ 60,990 ಡಾಲರ್‌ಗೆ ಏರಿತ್ತು. 2025ರ ಮಾರ್ಚ್‌ನಲ್ಲಿ ಹೊರಮೈಯ ಪಟ್ಟಿಯೊಂದು ಕಳಚಿ ಬೀಳುವ ದೋಷಕ್ಕಾಗಿ, ಅಲ್ಲಿಯವರೆಗೆ ತಯಾರಾಗಿದ್ದ ಬಹುತೇಕ ಎಲ್ಲ ಸೈಬರ್‌ಟ್ರಕ್‌ಗಳನ್ನು ಕಂಪನಿ ಹಿಂದಕ್ಕೆ ಕರೆಸಿತು. ಅವುಗಳ ಸಂಖ್ಯೆ 46,096. ಎರಡು ಲಕ್ಷ ಬುಕಿಂಗ್‌ಗಳ ಸದ್ದು ಐದು ವರ್ಷಗಳ ಬಳಿಕ ಅರ್ಧ ಲಕ್ಷ ವಾಹನಗಳಾಗಿಯೂ ಪರಿವರ್ತನೆಯಾಗಲಿಲ್ಲ.

ನಮ್ಮ ದೇಶದ ಟಾಟಾ ನ್ಯಾನೋ ಕಾರಿನ ಅನುಭವವೂ ಬುಕಿಂಗ್‌ನ ಮಟ್ಟಿಗೆ ಇದಕ್ಕೆ ಸಮೀಪದ್ದು. 2008ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರದರ್ಶನಗೊಂಡಾಗ ಆ ಕಾರಿಗೆ ಸಿಕ್ಕಷ್ಟು ಪ್ರಚಾರ ಮತ್ತಾವ ಭಾರತೀಯ ಕಾರಿಗೂ ಸಿಕ್ಕಿರಲಾರದು. 2009ರಲ್ಲಿ 2 ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂದವು. ಆದರೂ ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ‘ಅಗ್ಗದ ಕಾರು’ ಎಂಬ ಹಣೆಪಟ್ಟಿಯೇ ಕಾರಿಗೆ ಹಾನಿ ಮಾಡಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು.

ನಿಜವಾಗಿ ನಡೆದ ಸಂಚುಗಳು

ಹಾಗೆಂದು ಕಾರು ಕಂಪನಿಗಳು ಪ್ರಚಾರಕ್ಕಾಗಿ ನಾಟಕವಾಡುವುದೇ ಇಲ್ಲ ಎಂದಲ್ಲ. ಇನ್ನೂ ಬಿಡುಗಡೆಯಾಗದ ಕಾರುಗಳಿಗೆ ಕಪ್ಪು ಬಿಳಿ ಸುರುಳಿ ಚಿತ್ತಾರದ ಮುಸುಕು ಹೊದಿಸಿ ರಸ್ತೆಯ ಮೇಲೆ ಓಡಿಸುವುದು ವಾಡಿಕೆ. ಆಕಾರ ಪ್ರತಿಸ್ಪರ್ಧಿಗಳಿಗೆ ತಿಳಿಯಬಾರದೆಂಬುದು ಮುಸುಕಿನ ಉದ್ದೇಶ. ಆದರೆ ಆ ಮುಸುಕಿನ ಕಾರಿನ ಚಿತ್ರಗಳನ್ನು ಎಷ್ಟೋ ಬಾರಿ ಕಂಪನಿಗಳೇ ಪತ್ರಿಕೆಗಳಿಗೆ ಕಳುಹಿಸಿಕೊಡುತ್ತವೆ. ಕುತೂಹಲ ಕೆರಳಿಸುವ ಈ ಬಗೆಯ ಸಣ್ಣ ಆಟಗಳಿಂದ ಗ್ರಾಹಕನಿಗೆ ನಷ್ಟವಿಲ್ಲ. ಕಂಪನಿಗೂ ಹೆಚ್ಚಿನ ಅಪಾಯವಿಲ್ಲ.

ಅಪಾಯವಿರುವ ನಾಟಕಗಳ ಕಥೆ ಬೇರೆ. 1990ರಲ್ಲಿ ವೋಲ್ವೋ ಕಂಪನಿಯ ಅಮೆರಿಕದ ಜಾಹೀರಾತೊಂದರಲ್ಲಿ ದೈತ್ಯ ಚಕ್ರಗಳ ಟ್ರಕ್ ಸಾಲಾಗಿ ನಿಂತ ಕಾರುಗಳ ಮೇಲೆ ಹಾದುಹೋಗುತ್ತಿತ್ತು. ಉಳಿದ ಕಾರುಗಳೆಲ್ಲ ಅಪ್ಪಚ್ಚಿಯಾದರೂ ವೋಲ್ವೋ ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ವೋಲ್ವೋ ಕಾರಿನ ಒಳಗೆ ಮರ ಮತ್ತು ಉಕ್ಕಿನ ಆಸರೆಗಳನ್ನು ಕೊಟ್ಟು, ಇತರ ಕಾರುಗಳ ಛಾವಣಿಯ ಕಂಬಗಳನ್ನು ಕೊಯ್ದು ಸಡಿಲಗೊಳಿಸಿದ್ದು ಆಮೇಲೆ ಬೆಳಕಿಗೆ ಬಂತು. ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಚಿತ್ರೀಕರಣ ನಡೆದಾಗ ಸ್ಥಳದಲ್ಲಿದ್ದವರಿಂದಲೇ ಸಂಗತಿ ಹೊರಬಿತ್ತು. ಆ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡು, ಪತ್ರಿಕೆಗಳಲ್ಲಿ ತಿದ್ದುಪಡಿ ಪ್ರಕಟಿಸಿ, ತನಿಖೆಯ ವೆಚ್ಚವೆಂದು 3,16,250 ಡಾಲರ್ ತೆರಬೇಕಾಯಿತು. 1991ರಲ್ಲಿ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗದ ಮುಂದೆ ಕಂಪನಿ ಮತ್ತು ಜಾಹೀರಾತು ಸಂಸ್ಥೆ ತಲಾ 1.5 ಲಕ್ಷ ಡಾಲರ್ ದಂಡ ಕೊಡಲು ಒಪ್ಪಿದವು. ಎರಡು ದಶಕಗಳಿಗೂ ಮೀರಿದ ಸಂಬಂಧವಿದ್ದ ಆ ಜಾಹೀರಾತು ಸಂಸ್ಥೆ ವೋಲ್ವೋ ಕೆಲಸವನ್ನೇ ಕಳೆದುಕೊಂಡಿತು. ಸುರಕ್ಷತೆಗೆ ಹೆಸರಾದ ಕಾರಿಗೆ ಇಂತಹ ಊರುಗೋಲಿನ ಅಗತ್ಯವೇ ಇರಲಿಲ್ಲ ಎಂಬುದು ಇದರಲ್ಲಿನ ವಿಷಾದ.

ಇನ್ನೊಂದು ಪ್ರಕರಣ 2021ರದು. ಆ ವರ್ಷದ ಮಾರ್ಚ್ 29ರಂದು ಫೋಕ್ಸ್‌ವ್ಯಾಗನ್ ಕಂಪನಿಯ ಅಮೆರಿಕ ಶಾಖೆಯ ಅಂತರ್ಜಾಲ ತಾಣದಲ್ಲಿ ಪತ್ರಿಕಾ ಪ್ರಕಟಣೆಯ ಅಪೂರ್ಣ ಪ್ರತಿಯೊಂದು ಸ್ವಲ್ಪ ಹೊತ್ತು ಕಾಣಿಸಿಕೊಂಡು ಮರೆಯಾಯಿತು. ಹೆಸರಿನ ‘ಕೆ’ ಅಕ್ಷರದ ಜಾಗದಲ್ಲಿ ‘ಟಿ’ ಸೇರಿಸಿ, ವಿದ್ಯುತ್ತಿನ ಅಳತೆಯಾದ ವೋಲ್ಟ್ ಪದ ಹೊಳೆಯುವಂತೆ, ಅಮೆರಿಕ ಶಾಖೆ ಇನ್ನು ಮುಂದೆ ‘ವೋಲ್ಟ್ಸ್‌ವ್ಯಾಗನ್’ ಆಗುವುದೆಂದು ಅದರಲ್ಲಿತ್ತು. ಇದು ನಿಜವೇ ಎಂದು ಪತ್ರಕರ್ತರು ವಿಚಾರಿಸಿದಾಗ ನಿಜವೆಂಬ ಉತ್ತರವೇ ಬಂತು. ಮರುದಿನ ಅಧಿಕೃತ ಪ್ರಕಟಣೆಯೂ ಹೊರಬಿತ್ತು. ಸುದ್ದಿಸಂಸ್ಥೆಗಳು ಅದನ್ನು ವರದಿ ಮಾಡಿದವು. ಷೇರಿನ ಬೆಲೆ ಏರಿತು. ಅದೇ ದಿನ ಸಂಜೆಯ ಹೊತ್ತಿಗೆ, ಇದು ಏಪ್ರಿಲ್ ಒಂದರ ತಮಾಷೆಯೆಂದೂ ಐಡಿ.4 ಎಂಬ ವಿದ್ಯುತ್ ಕಾರಿನತ್ತ ಗಮನ ಸೆಳೆಯಲು ಮಾಡಿದ್ದೆಂದೂ ಕಂಪನಿ ಒಪ್ಪಿಕೊಳ್ಳಬೇಕಾಯಿತು. ಮುಂದಿನ ತಿಂಗಳು ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಈ ಬಗ್ಗೆ ವಿಚಾರಣೆ ಆರಂಭಿಸಿದೆಯೆಂದು ಜರ್ಮನಿಯಲ್ಲಿ ವರದಿಯಾಯಿತು.

ಬೇರೆ ಕಂಪನಿಯಾಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡುವ ತಂತ್ರಾಂಶವನ್ನು ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದಕ್ಕಾಗಿ ಇದೇ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ತಂತ್ರಾಂಶವಿತ್ತು. ದಂಡ, ಪರಿಹಾರ, ದುರಸ್ತಿಗಳ ಒಟ್ಟು ವೆಚ್ಚ 3,000 ಕೋಟಿ ಯೂರೋಗಳನ್ನು ಮೀರಿತು. ಇಷ್ಟು ಬೆಲೆ ತೆತ್ತು ನಂಬಿಕೆಯನ್ನು ಮರಳಿ ಕಟ್ಟಿಕೊಳ್ಳುತ್ತಿದ್ದ ಕಂಪನಿ, ವಿಚಾರಿಸಲು ಬಂದ ಪತ್ರಕರ್ತರಿಗೆ ತಮಾಷೆಗಾಗಿಯಾದರೂ ಸುಳ್ಳು ಹೇಳಿತು. ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕಥೆ ಮಕ್ಕಳಿಗಷ್ಟೇ ಅಲ್ಲ, ಕಂಪನಿಗಳಿಗೂ ಅನ್ವಯಿಸುತ್ತದೆ.

ಸಂಚಿನ ದಿಕ್ಕು ಯಾವುದು?

ಈ ಪ್ರಕರಣಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಸಾಬೀತಾದ ಸಂಚುಗಳಲ್ಲಿ ಕಂಪನಿಗಳು ಇಲ್ಲದ ಗುಣವನ್ನು ಪ್ರದರ್ಶಿಸಿವೆ ಅಥವಾ ಇದ್ದ ದೋಷವನ್ನು ಮುಚ್ಚಿಟ್ಟಿವೆ. ವೋಲ್ವೋ ಜಾಹೀರಾತು ಮೊದಲನೆಯ ಬಗೆ. ಡೀಸೆಲ್ ಹಗರಣ ಎರಡನೆಯದು. ಕೀಲಿಯ ಸ್ವಿಚ್ಚಿನ ದೋಷ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಂಪನಿಯೊಳಗೆ ತಿಳಿದಿದ್ದೂ 2014ರವರೆಗೆ ಕಾರುಗಳನ್ನು ಹಿಂದಕ್ಕೆ ಕರೆಸದ ಜನರಲ್ ಮೋಟಾರ್ಸ್ ಪ್ರಕರಣವೂ ಎರಡನೆಯ ಬಗೆಗೇ ಸೇರುತ್ತದೆ. ಅದರಲ್ಲಿ 124 ಸಾವುಗಳಿಗೆ ಪರಿಹಾರ ನೀಡಬೇಕಾಯಿತು.

ಹುಸಿ ಸಂಚಿನ ಕಥೆಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಕಂಪನಿ ತನ್ನ ದೋಷವನ್ನು ತಾನೇ ಸೃಷ್ಟಿಸಿ, ತಾನೇ ಎಲ್ಲರೆದುರು ತೋರಿಸಿ, ಅದರಿಂದ ಲಾಭ ಪಡೆಯುತ್ತದೆ ಎಂದು ಅವು ಹೇಳುತ್ತವೆ. ಇದು ಚಳಿ ಕಾಯಿಸಿಕೊಳ್ಳಲು ಮನೆಗೆ ಬೆಂಕಿ ಹಚ್ಚಿದಂತೆ. ಷೇರುದಾರರಿಗೆ ಉತ್ತರ ಹೇಳಬೇಕಾದ ಯಾವ ಆಡಳಿತ ಮಂಡಳಿಯೂ ಸುಲಭವಾಗಿ ಇದಕ್ಕೆ ಒಪ್ಪಲಾರದು. ಇನ್ನೊಂದು ಮಾತು: ವೋಲ್ವೋ ಸಂಚನ್ನು ಚಿತ್ರೀಕರಣ ಸ್ಥಳದಲ್ಲಿದ್ದವರು ಬಯಲು ಮಾಡಿದರು, ವೋಲ್ಟ್ಸ್‌ವ್ಯಾಗನ್ ತಮಾಷೆ ಎರಡು ದಿನವೂ ಬಾಳಲಿಲ್ಲ. ನೂರಾರು ಜನ ಕೆಲಸ ಮಾಡುವ ಕಡೆ ಗುಟ್ಟು ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಇವೇ ನಿದರ್ಶನ.

ಜಾಗ್ವಾರ್: ಅಂಕಿ ಸರಿ, ಅರ್ಥ ತಪ್ಪು

2008ರಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರ್ ಕೊಟ್ಟು ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಖರೀದಿಸಿದ ಕಾರಣ ಈ ಪ್ರಕರಣ ಭಾರತದ ಉದ್ಯಮಿಗಳಿಗೆ ಹೆಚ್ಚು ಹತ್ತಿರದ್ದು. 2024ರ ನವೆಂಬರ್‌ನಲ್ಲಿ ಜಾಗ್ವಾರ್ ತನ್ನ ಹೊಸ ಲಾಂಛನವನ್ನು ಪರಿಚಯಿಸಲು ಒಂದು ಕಿರುಚಿತ್ರ ಬಿಡುಗಡೆ ಮಾಡಿತು. ಅದರಲ್ಲಿ ಬಣ್ಣಬಣ್ಣದ ಉಡುಪು ತೊಟ್ಟ ರೂಪದರ್ಶಿಗಳಿದ್ದರು. ಕಾರು ಮಾತ್ರ ಇರಲಿಲ್ಲ. ನೀವು ಕಾರು ಮಾರುತ್ತೀರಾ ಎಂದು ಇಲಾನ್ ಮಸ್ಕ್ ಬಹಿರಂಗವಾಗಿ ಕೇಳುವಷ್ಟರ ಮಟ್ಟಿಗೆ ಅದು ಅಪಹಾಸ್ಯಕ್ಕೆ ಗುರಿಯಾಯಿತು. ಸಿಟ್ಟು ಬರಿಸುವುದೇ ಕಂಪನಿಯ ಒಳಸಂಚು, ಡಿಸೆಂಬರ್‌ನಲ್ಲಿ ಮಿಯಾಮಿಯಲ್ಲಿ ತೋರಿಸಲಿದ್ದ ‘ಟೈಪ್ 00’ ಮಾದರಿಯತ್ತ ಜಗತ್ತನ್ನು ತಿರುಗಿಸುವುದಕ್ಕೇ ಈ ಗದ್ದಲ ಎಂದು ಕೆಲವರು ವಾದಿಸಿದರು.

ಕೆಲವೇ ತಿಂಗಳಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಕಥೆ ಹಬ್ಬಿತು. ಯೂರೋಪಿನ ವಾಹನ ತಯಾರಕರ ಸಂಘದ ಅಂಕಿಅಂಶಗಳ ಪ್ರಕಾರ 2024ರ ಏಪ್ರಿಲ್‌ನಲ್ಲಿ ಅಲ್ಲಿ 1,961 ಜಾಗ್ವಾರ್ ಕಾರುಗಳು ನೋಂದಣಿಯಾಗಿದ್ದವು. 2025ರ ಏಪ್ರಿಲ್‌ನಲ್ಲಿ ಕೇವಲ 49. ಶೇ. 97.5ರಷ್ಟು ಕುಸಿತ! ಒಂದು ಜಾಹೀರಾತು ಕಂಪನಿಯನ್ನೇ ಮುಳುಗಿಸಿತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಅಂಕಿ ಸರಿಯಾಗಿತ್ತು, ಅದಕ್ಕೆ ಕೊಟ್ಟ ಕಾರಣ ಸರಿಯಿರಲಿಲ್ಲ. ಜಾಗ್ವಾರ್ ಪೂರ್ಣವಾಗಿ ವಿದ್ಯುತ್ ಕಾರುಗಳ ಕಡೆಗೆ ತಿರುಗುವುದೆಂದು ಕಂಪನಿ 2021ರ ಫೆಬ್ರವರಿಯಲ್ಲೇ ಘೋಷಿಸಿತ್ತು. ಆ ಯೋಜನೆಯಂತೆ ಎಕ್ಸ್‌ಇ, ಎಕ್ಸ್‌ಎಫ್ ಮತ್ತು ಎಫ್-ಟೈಪ್ ಮಾದರಿಗಳ ತಯಾರಿಕೆ 2024ರಲ್ಲಿ ನಿಂತಿತು. ಬ್ರಿಟನ್ನಿನಲ್ಲಿ ಹೊಸ ಕಾರುಗಳ ಮಾರಾಟವನ್ನೂ ಅದೇ ವರ್ಷ ನಿಲ್ಲಿಸಲಾಯಿತು. ಅಂಗಡಿಯಲ್ಲಿ ಮಾಲೇ ಇಲ್ಲದಿದ್ದಾಗ ವ್ಯಾಪಾರ ಕುಸಿಯುವುದು ಸಹಜ. ಜಾಹೀರಾತು ಚೆನ್ನಾಗಿತ್ತೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಈ ಅಂಕಿ ಉತ್ತರ ಹೇಳುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಹೀಗೆ ಒಂದು ಹೆಸರಿನ ವ್ಯಾಪಾರವನ್ನೇ ನಿಲ್ಲಿಸಿ ಕಾಯುವ ಶಕ್ತಿ ಕಂಪನಿಗೆ ಬಂದದ್ದು ಜೊತೆಯಲ್ಲಿರುವ ರೇಂಜ್ ರೋವರ್ ಮತ್ತು ಡಿಫೆಂಡರ್ ವಾಹನಗಳ ಗಳಿಕೆಯಿಂದ. 2024-25ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ತೆರಿಗೆಗೆ ಮುಂಚಿನ 250 ಕೋಟಿ ಪೌಂಡ್ ಲಾಭ ಗಳಿಸಿತು. ಒಂದೇ ಉತ್ಪನ್ನವನ್ನು ನೆಚ್ಚಿಕೊಂಡಿರುವ ಸಣ್ಣ ತಯಾರಕನಿಗೆ ಅಂತಹ ಆಸರೆ ಇರುವುದಿಲ್ಲ.

ಎಲ್ಕ್ ಪರೀಕ್ಷೆಯ ಪಾಠ

ಅವಘಡ ಕೊನೆಗೆ ಲಾಭವಾಗಿ ಪರಿಣಮಿಸಿದ ಉದಾಹರಣೆಗಳೂ ಇಲ್ಲದಿಲ್ಲ. 1997ರ ಅಕ್ಟೋಬರ್ 21ರಂದು ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಮರ್ಸಿಡಿಸ್ ಕಂಪನಿಯ ಹೊಸ ಸಣ್ಣ ಕಾರು ‘ಎ-ಕ್ಲಾಸ್’ ಅನ್ನು ಪರೀಕ್ಷಿಸಿತು. ಸ್ವೀಡನ್ನಿನ ರಸ್ತೆಗಳಲ್ಲಿ ಎಲ್ಕ್ ಎಂಬ ಭಾರಿ ಗಾತ್ರದ ಕಾಡುಪ್ರಾಣಿ ಥಟ್ಟನೆ ಅಡ್ಡ ಬರುವುದುಂಟು. ಆಗ ಕಾರನ್ನು ಒಮ್ಮೆಲೇ ಪಕ್ಕಕ್ಕೆ ಹೊರಳಿಸಿ ಮತ್ತೆ ದಾರಿಗೆ ತರಬೇಕಾಗುತ್ತದೆ. ಆ ಪರೀಕ್ಷೆಯಲ್ಲಿ ಎ-ಕ್ಲಾಸ್ ಮಗುಚಿಬಿದ್ದಿತು.

ಕಂಪನಿ ಮೊದಲು ದೋಷವನ್ನು ಒಪ್ಪಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ನಿಲುವು ಬದಲಿಸಿ, ಸುಮಾರು ಮೂರು ತಿಂಗಳು ಮಾರಾಟ ನಿಲ್ಲಿಸಿ, ಕಾರಿನ ಆಧಾರ ವ್ಯವಸ್ಥೆಯನ್ನು ತಿದ್ದಿ, ಆವರೆಗೆ ದುಬಾರಿ ಕಾರುಗಳಿಗೆ ಮೀಸಲಾಗಿದ್ದ ಇಎಸ್‌ಪಿ ಎಂಬ ವಿದ್ಯುನ್ಮಾನ ಸ್ಥಿರತಾ ವ್ಯವಸ್ಥೆಯನ್ನು ಪ್ರತಿಯೊಂದು ಎ-ಕ್ಲಾಸ್ ಕಾರಿಗೂ ಅಳವಡಿಸಿತು. ಇದಕ್ಕೆ ತಗುಲಿದ ಹೆಚ್ಚುವರಿ ಖರ್ಚು ಸುಮಾರು 30 ಕೋಟಿ ಜರ್ಮನ್ ಮಾರ್ಕ್. 2004ರವರೆಗೆ ತಯಾರಾದ ಆ ಮಾದರಿಯ ಹತ್ತು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು.

ಫಲಿತಾಂಶವನ್ನು ಮಾತ್ರ ನೋಡಿದವರಿಗೆ ಇದೂ ಜಾಣ ಪ್ರಚಾರದಂತೆ ಕಾಣಬಹುದು. ಆದರೆ ಕಾರನ್ನು ಉಳಿಸಿದ್ದು ಮಗುಚಿದ ಸುದ್ದಿಯಲ್ಲ, ದೋಷವನ್ನು ತಿದ್ದಲು ಸುರಿದ ಹಣ ಮತ್ತು ಶ್ರಮ.

ಸಂಶಯ ಹುಟ್ಟುವುದೇಕೆ?

ಕಾರು ಉದ್ಯಮದ ಹೊರಗೆ ಇದೇ ಬಗೆಯ ಹೆಸರಾಂತ ಕಥೆ ಕೋಕಾ-ಕೋಲಾ ಕಂಪನಿಯದು. 1985ರ ಏಪ್ರಿಲ್‌ನಲ್ಲಿ ಪಾನೀಯದ ರುಚಿ ಬದಲಿಸಿ, ಜನರ ಪ್ರತಿಭಟನೆಗೆ ಮಣಿದು ಜುಲೈನಲ್ಲಿ ಹಳೆಯ ರುಚಿಯನ್ನು ಮರಳಿ ತಂದಾಗ, ಎಲ್ಲವೂ ಮೊದಲೇ ಯೋಜಿಸಿದ್ದು ಎಂಬ ಮಾತು ಹಬ್ಬಿತು. ಆಗಿನ ಅಧ್ಯಕ್ಷ ಡೊನಾಲ್ಡ್ ಕಿಯೋ ಅವರು, ತಾವು ಅಷ್ಟು ದಡ್ಡರೂ ಅಲ್ಲ, ಅಷ್ಟು ಜಾಣರೂ ಅಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಸಂಚಿನ ಕಥೆಗಳಿಗೆಲ್ಲ ಸಲ್ಲುವ ಉತ್ತರವಿದು.

ದೊಡ್ಡ ಕಂಪನಿ ಎಡವಲಾರದು ಎಂಬ ಭಾವನೆ ಈ ಕಥೆಗಳ ಮೂಲ. ಎಡವಿಯೂ ಎದ್ದುನಿಂತ ಕಂಪನಿಗಳು ಮಾತ್ರ ನೆನಪಿನಲ್ಲಿ ಉಳಿಯುತ್ತವೆ. ಎಡವಿ ಮುಚ್ಚಿಹೋದವುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಅವಘಡದ ನಂತರ ಕಂಪನಿ ಅದನ್ನು ನಗೆಯಾಗಿ ಬಳಸಿಕೊಂಡರೆ, ಬಳಸಿಕೊಂಡದ್ದನ್ನೇ ಯೋಜಿಸಿದ್ದು ಎಂದು ತಿಳಿಯಲಾಗುತ್ತದೆ. ಬಿದ್ದ ಮೇಲೆ ಮಣ್ಣು ಕೊಡವಿಕೊಂಡು ನಗುವುದು ಬೇರೆ, ನಗಲೆಂದೇ ಬೀಳುವುದು ಬೇರೆ.

ವರ್ತಕರು ಮತ್ತು ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಪ್ರಚಾರದ ಯಶಸ್ಸಿನ ಕಥೆ ಕೇಳಿದಾಗ ಅದಕ್ಕೆ ತಗುಲಿದ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು. ಷೇರು ಕುಸಿತ, ದಂಡ, ಹಿಂದಕ್ಕೆ ಪಡೆದ ಮಾಲು ಇವೆಲ್ಲವನ್ನೂ ಕಳೆದು ಉಳಿದದ್ದೇ ನಿಜವಾದ ಲಾಭ.

2. ವಿಚಾರಣೆ, ಬುಕಿಂಗ್, ಮಾರಾಟ ಇವು ಮೂರೂ ಬೇರೆ ಬೇರೆ. ವಸ್ತುಪ್ರದರ್ಶನದ ಮಳಿಗೆಗೆ ಬಂದವರ ಸಂಖ್ಯೆಯನ್ನು ನಂಬಿ ಕಚ್ಚಾ ಮಾಲು ತುಂಬಿಸಿಕೊಳ್ಳುವುದು ಅವಿವೇಕ.

3. ಪ್ರಾತ್ಯಕ್ಷಿಕೆ ನೀಡುವ ಮೊದಲು, ಗ್ರಾಹಕರ ಮುಂದೆ ಯಾವ ಕ್ರಮದಲ್ಲಿ ನಡೆಸಲಾಗುವುದೋ ಅದೇ ಕ್ರಮದಲ್ಲಿ, ಅದೇ ವಸ್ತುವಿನ ಮೇಲೆ ತಾಲೀಮು ನಡೆಸಬೇಕು.

4. ಉತ್ಪನ್ನದಲ್ಲಿ ಇಲ್ಲದ ಗುಣವನ್ನು ಜಾಹೀರಾತಿನಲ್ಲಿ ತೋರಿಸಬಾರದು. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

5. ದೋಷ ಬಯಲಾದಾಗ ಮೊದಲು ಒಪ್ಪಿಕೊಳ್ಳಬೇಕು, ಬಳಿಕ ತಿದ್ದಬೇಕು. ಪ್ರಚಾರದ ಮಾತು ಅದರ ನಂತರದ್ದು.

6. ಪ್ರತಿಸ್ಪರ್ಧಿಯ ಅವಘಡವನ್ನು ಸಂಚೆಂದು ತಳ್ಳಿಹಾಕುವುದರಿಂದ ಕಲಿಯಬಹುದಾದ ಪಾಠವೊಂದು ಕೈತಪ್ಪುತ್ತದೆ. ಆ ದೋಷ ನಮ್ಮ ಮಾಲಿನಲ್ಲಿಯೂ ಇರಬಹುದೇ ಎಂದು ಪರಿಶೀಲಿಸುವುದು ಲಾಭದಾಯಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ವ್ಯಾಪಾರಿಗಳಿಗೆ ಹೊಸದಲ್ಲ. ಸಾವಿರಾರು ಕೋಟಿಯ ಕಂಪನಿ ಒಡೆದ ಮುತ್ತಿನ ಬದಲಿಗೆ ಇನ್ನೊಂದನ್ನು ಕೊಂಡು ತರಬಹುದು. ಊರಿನ ನಾಲ್ಕು ಬೀದಿಗಳಲ್ಲಿ, ಜಿಲ್ಲೆಯ ನಾಲ್ಕು ಪೇಟೆಗಳಲ್ಲಿ ಹೆಸರು ಉಳಿಸಿಕೊಂಡು ಬಂದಿರುವ ವರ್ತಕನಿಗೆ ಇರುವುದು ಒಂದೇ ಮುತ್ತು. ಅದನ್ನು ಪ್ರಚಾರದ ಪಣಕ್ಕೆ ಒಡ್ಡದಿರುವುದೇ ಕ್ಷೇಮ.